ರೆಪ್ಪೆಯ ಶಸ್ತ್ರಚಿಕಿತ್ಸೆ, ಕಾರ್ನಿಯಾ ಮತ್ತು ನೋಟದ ಗುಣ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಮಹಾಗಾಂವ, ಗಡಹಿಂಗ್ಲಜ, ಇಚಲಕರಂಜಿ ಕಡೆಯ ಕನ್ನಡ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತು. ಆದ್ದರಿಂದ ಆಡುನುಡಿಯ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಲಾಗಿದೆ. ಕೊನೆಯಲ್ಲಿ ಆಯ್ದ ಕೆಲವು ಪ್ರಶ್ನೋತ್ತರಗಳಿವೆ.)

  

ಮಹಾಗಾಂವದ ಒಬ್ಬ ಹಿರಿಯರು ಅಂತ ಇಟ್ಕೊಳ್ರಿ. ವಯಸ್ಸು ಎಪ್ಪತ್ತರ ಹತ್ತಿರ, ಜೀವನವೆಲ್ಲ ಕಬ್ಬಿನ ಹೊಲದಲ್ಲಿ ದುಡಿದವರು. ಎರಡೂ ಮೇಲ್ರೆಪ್ಪೆ ಜೋತುಬಿದ್ದಿವೆ. ಎದುರಿಗಿದ್ದವರ ಮುಖ ನೋಡಬೇಕಾದರೆ ಗದ್ದ ಮೇಲೆತ್ತಿ, ಹುಬ್ಬು ಏರಿಸಿ, ಹಣೆಗೆ ಗೆರೆ ಮೂಡಿಸಿ ನೋಡುತ್ತಾರೆ. ಜೊತೆಗೆ ಮೋತಿಬಿಂದುವೂ ಇದೆ. ಕರೆದುಕೊಂಡು ಬಂದ ಮಗ ಹೇಳುತ್ತಾನೆ: "ಸಾಹೇಬ್ರ, ಮೊದಲ ಮೋತಿಬಿಂದು ತಗೀರಿ. ರೆಪ್ಪಿದು ಬಿಡ್ರಿ, ಅದು ಬರೇ ಮ್ಯಾಲಿನ ಚರ್ಮದ ಮಾತು."

ಇವತ್ತಿನ ನನ್ನ ಮಾತೆಲ್ಲ ಆ ಮಗನಿಗೆ ಕೊಡುವ ಉತ್ತರ. ರೆಪ್ಪೆ ಬರೀ ಚರ್ಮದ ಮಾತಲ್ಲ. ಅದು ಕಣ್ಣಿನ ನೋಟದ ಯಂತ್ರದ ಒಂದು ಭಾಗ. ಅದನ್ನು ಎತ್ತಿದರೂ, ಕತ್ತರಿಸಿದರೂ, ಹೊಲಿದರೂ ಅದರ ಕೆಳಗಿರುವ ಕಾರ್ನಿಯಾಕ್ಕೆ ಸುದ್ದಿ ಮುಟ್ಟುತ್ತದೆ.

ಆ ಮಗನ ತಪ್ಪೂ ಅಲ್ಲ ಬಿಡ್ರಿ. ನಮ್ಮ ಕಡೆ "ಕಣ್ಣಿನ ಆಪರೇಷನ್" ಅಂದರೆ ಮೋತಿಬಿಂದು ಅಂತಲೇ ಅರ್ಥ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ನಮ್ಮ ಅಜ್ಜಂದಿರ ಕಾಲದಿಂದ ಮನಸ್ಸಿನಲ್ಲಿ ಕೂತದ್ದು ಆ ಚಿತ್ರವೇ: ಪಟ್ಟಿ, ಹಸಿರು ಬಟ್ಟೆ, ಕಪ್ಪು ಕನ್ನಡಕ. ರೆಪ್ಪೆಗೂ ಆಪರೇಷನ್ ಇದೆ, ಅದರಿಂದ ಕನ್ನಡಕದ ನಂಬರ್ ಬದಲಾಗಬಹುದು ಅಂದರೆ ಓದಿದವರೂ ಹುಬ್ಬೇರಿಸುತ್ತಾರೆ.

ಮೊದಲು ಕಾರ್ನಿಯಾದ ಮಾತು. ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಭಾಗವೇ ಕಾರ್ನಿಯಾ. ಅಗಲ ಹನ್ನೆರಡು ಮಿಲಿಮೀಟರ್‌ಗೆ ತುಸು ಕಡಿಮೆ, ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ರಕ್ತನಾಳವಿಲ್ಲ. ಇದ್ದಿದ್ದರೆ ಆರಪಾರ ಕಾಣುತ್ತಿರಲಿಲ್ಲ. ಕಣ್ಣಿಗೆ ಬಂದ ಬೆಳಕನ್ನು ಬಗ್ಗಿಸಿ ಒಳಗಿನ ಪರದೆಯ ಮೇಲೆ ಕೂಡಿಸುವ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ ಅಂತ ಹಿಡಿದರೆ, ಅದರಲ್ಲಿ 43ರಷ್ಟು ಕಾರ್ನಿಯಾದ್ದೇ. ಒಳಗಿನ ಮಸೂರಕ್ಕೆ ಉಳಿಯುವುದು ಮೂರನೇ ಒಂದು ಪಾಲಿಗಿಂತ ಕಡಿಮೆ.

ಆದರೆ ಬೆಳಕು ಮೊದಲು ಮುಟ್ಟುವುದು ಕಾರ್ನಿಯಾವನ್ನೂ ಅಲ್ಲ, ಅದರ ಮೇಲೆ ಹರಡಿರುವ ಕಣ್ಣೀರಿನ ಪದರವನ್ನು. ಅದು ಒಂದು ಮಿಲಿಮೀಟರ್‌ನ ನೂರರಲ್ಲಿ ಒಂದು ಪಾಲಿನಷ್ಟೂ ದಪ್ಪವಿಲ್ಲ. ಈ ತೆಳು ಪದರ ನುಣುಪಾಗಿರುವವರೆಗೆ ನೋಟ ನುಣುಪು. ಒಡೆದರೆ ನೋಟವೂ ಒಡೆಯುತ್ತದೆ. ಬಾವಿಯ ನೀರಿನಲ್ಲಿ ಮುಖ ಕಾಣುತ್ತಿರುತ್ತದೆ, ಗಾಳಿ ಬೀಸಿತೋ, ಮುಖ ಚೂರುಚೂರು. ಹಾಗೆ.

ಈ ಪದರವನ್ನು ಹಾಸುವವರು ಯಾರು? ರೆಪ್ಪೆ. ನಿಮಿಷಕ್ಕೆ ಸುಮಾರು 12ರಿಂದ 15 ಸಲ ಎವೆ ಬಡಿಯುತ್ತದೆ. ಪ್ರತಿ ಸಲವೂ ಅದು ನೆಲ ಸಾರಿಸಿದಂತೆ ಕಣ್ಣೀರನ್ನು ಹೊಸದಾಗಿ ಸಾರಿಸುತ್ತದೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಎಣ್ಣೆಗ್ರಂಥಿಗಳಿವೆ, ಮೀಬೋಮಿಯನ್ ಗ್ರಂಥಿ ಅಂತ ಹೆಸರು. ಅವು ಬಿಡುವ ಎಣ್ಣೆ ಕಣ್ಣೀರು ಬೇಗ ಆರದಂತೆ ಮೇಲೆ ಮುಚ್ಚಳ ಹಾಕುತ್ತದೆ. ಅಂದ್ರ, ನೀರು ಸಾರಿಸುವುದೂ ರೆಪ್ಪೆಯ ಕೆಲಸ, ಎಣ್ಣೆ ಹಚ್ಚುವುದೂ ಅದರದೇ.

ರೆಪ್ಪೆಗೆ ಮೂರನೇ ಕೆಲಸವೂ ಇದೆ, ಅದನ್ನು ನಾವು ಮರೆಯುತ್ತೇವೆ. ರೆಪ್ಪೆ ಕಾರ್ನಿಯಾವನ್ನು ಮೆಲ್ಲಗೆ ಒತ್ತುತ್ತಿರುತ್ತದೆ. ಮೇಲ್ರೆಪ್ಪೆಯ ಒಳಗೆ ಗಟ್ಟಿಯಾದ ಟಾರ್ಸಸ್ ಎಂಬ ತಟ್ಟೆಯಿದೆ. ಅದು ಕಾರ್ನಿಯಾದ ಮೇಲಂಚನ್ನು ಒಂದೆರಡು ಮಿಲಿಮೀಟರ್ ಮುಚ್ಚಿಕೊಂಡು ಕೂತಿರುವುದು ಸಹಜ ಸ್ಥಿತಿ. ಗಡಹಿಂಗ್ಲಜದವರಿಗೆ ಫುಟ್‌ಬಾಲ್ ಬಗ್ಗೆ ನಾನು ಹೇಳಿಕೊಡಬೇಕಿಲ್ಲ. ತುಸು ಗಾಳಿ ಕಡಿಮೆಯಾದ ಚೆಂಡನ್ನು ಮೇಲಿನಿಂದ ಅಂಗೈಯಿಂದ ಒತ್ತಿ ನೋಡ್ರಿ. ಅದು ಗುಂಡಗೆ ಉಳಿಯುವುದಿಲ್ಲ. ಒಂದು ದಿಕ್ಕಿನಲ್ಲಿ ಬಾಗು ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ. ಕಾರ್ನಿಯಾದಲ್ಲಿ ಹೀಗಾದರೆ ಅದಕ್ಕೆ ಅಸ್ಟಿಗ್ಮ್ಯಾಟಿಸಂ ಅನ್ನುತ್ತೇವೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಬರೆದು, ಪಕ್ಕದಲ್ಲಿ ಆಕ್ಸಿಸ್ ಅಂತ ಡಿಗ್ರಿ ಬರೆದಿರುತ್ತಾರಲ್ಲ, ಅದೇ ಇದು. ಅಕ್ಷರಕ್ಕೆ ನೆರಳು ಬಂದಂತೆ, ದೀಪಕ್ಕೆ ಬಾಲ ಬಂದಂತೆ ಕಾಣುತ್ತದೆ.

ಈ ಒತ್ತಡ ನಿಜವೋ ಅಂತ ಅನುಮಾನ ಇದ್ದವರಿಗೆ ರೆಪ್ಪೆಯ ಗಂಟು ಒಳ್ಳೆಯ ಸಾಕ್ಷಿ. ಎಣ್ಣೆಗ್ರಂಥಿ ಕಟ್ಟಿಕೊಂಡು ಕಡಲೆಕಾಳಿನಷ್ಟು ಗಂಟಾಗುತ್ತದಲ್ಲ, ಚಲಾಜಿಯನ್ ಅಂತಾರೆ. ಮೇಲ್ರೆಪ್ಪೆಯ ನಡುವೆ ದೊಡ್ಡದಾಗಿ ಕೂತರೆ ಅದು ಕಾರ್ನಿಯಾವನ್ನು ಒತ್ತಿ ಸಿಲಿಂಡರ್ ನಂಬರ್ ತರಿಸುತ್ತದೆ. ಗಂಟು ತೆಗೆದ ಮೇಲೆ ಆ ನಂಬರ್ ಎಷ್ಟೋ ಮಟ್ಟಿಗೆ ತಾನೇ ಇಳಿಯುತ್ತದೆ. ಒಂದು ಕಾಳಿನಷ್ಟು ಗಂಟಿಗೇ ಇಷ್ಟು ಬಲವಿದ್ದರೆ, ಇಡೀ ರೆಪ್ಪೆ ಮೂರ್ನಾಲ್ಕು ಮಿಲಿಮೀಟರ್ ಕೆಳಗೆ ಇಳಿದು ವರ್ಷಗಟ್ಟಲೆ ಒತ್ತಿದರೆ ಏನಾದೀತು, ನೀವೇ ಲೆಕ್ಕ ಹಾಕಿ.

ಈಗ ಜೋಲುರೆಪ್ಪೆಗೆ, ಅಂದರೆ ಟೋಸಿಸ್‌ಗೆ ಬರೋಣ. ವಯಸ್ಸಾದವರಲ್ಲಿ ರೆಪ್ಪೆ ಎತ್ತುವ ಲಿವೇಟರ್ ಸ್ನಾಯುವಿನ ತುದಿಯ ಪದರ ಸಡಿಲಾಗಿ ರೆಪ್ಪೆ ಇಳಿಯುತ್ತದೆ. ಕೆಲವರಲ್ಲಿ ರೆಪ್ಪೆಯ ಅಂಚು ಸರಿಯಾದ ಜಾಗದಲ್ಲೇ ಇರುತ್ತದೆ, ಅದರ ಮೇಲಿನ ಚರ್ಮ ಮಾತ್ರ ಸಡಿಲಾಗಿ ಗೂಡಾರದ ಬಟ್ಟೆಯಂತೆ ಜೋಲುತ್ತದೆ. ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಸ್ನಾಯುವನ್ನು ಬಿಗಿ ಮಾಡಬೇಕು. ಎರಡನೆಯದಕ್ಕೆ ಹೆಚ್ಚಾದ ಚರ್ಮ ತೆಗೆದರೆ ಸಾಕು, ಅದನ್ನೇ ಬ್ಲೆಫರೋಪ್ಲಾಸ್ಟಿ ಅನ್ನುವುದು. ಕಾರ್ನಿಯಾದ ಆಕಾರ ಹೆಚ್ಚು ಬದಲಾಗುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ. ಚರ್ಮ ತೆಗೆದಾಗಲೂ, ಜೋತ ಭಾಗ ತುಂಬ ಭಾರವಾಗಿದ್ದವರಲ್ಲಿ ಬದಲಾವಣೆ ಕಾಣುತ್ತದೆ.

ಆಪರೇಷನ್ ಆದಮೇಲೆ ಸಿಗುವ ಲಾಭ ಕಡಿಮೆಯದಲ್ಲ. ಮೇಲಿನ ನೋಟದ ಹರವು ತೆರೆಯುತ್ತದೆ. ಬೆಳಕು ಹೆಚ್ಚು ಒಳಗೆ ಬರುತ್ತದೆ. ಬಿಳಿ ಗೋಡೆಯ ಮೇಲಿನ ಬೂದು ಗೆರೆ, ಮುಸ್ಸಂಜೆಯಲ್ಲಿ ರಸ್ತೆಯ ತಗ್ಗು, ಹೀಗೆ ಬಣ್ಣದ ವ್ಯತ್ಯಾಸ ಕಡಿಮೆಯಿರುವಲ್ಲಿ ಗುರುತಿಸುವ ಶಕ್ತಿ ಸುಧಾರಿಸುವುದುಂಟು. ಇದನ್ನು ಆಸ್ಪತ್ರೆಯ ಗೋಡೆಗೆ ತೂಗುಹಾಕಿದ ಅಕ್ಷರದ ಬೋರ್ಡು ತೋರಿಸುವುದಿಲ್ಲ. ಬೋರ್ಡಿನ ಮೇಲೆ ಮೊದಲೂ 6/9, ಆಮೇಲೂ 6/9. ಆದರೂ ಅಜ್ಜ "ಈಗ ಚಲೋ ಕಾಣಸ್ತದ" ಅಂತಾನೆ. ಅಜ್ಜನ ಮಾತು ಸುಳ್ಳಲ್ಲ. ನಮ್ಮ ಬೋರ್ಡು ಅಳೆಯುವುದು ನೋಟದ ಚೂಪನ್ನು ಮಾತ್ರ, ಗುಣವನ್ನಲ್ಲ.

ಅದೇ ಹೊತ್ತಿಗೆ ಸಿಲಿಂಡರ್ ನಂಬರ್ ಕದಲುತ್ತದೆ. ಒತ್ತುತ್ತಿದ್ದ ಅಂಗೈ ಜಾಗ ಬದಲಿಸಿತು, ಚೆಂಡಿನ ಆಕಾರವೂ ಬದಲಾಯಿತು. ಸಾಮಾನ್ಯವಾಗಿ ಈ ಬದಲಾವಣೆ ಅರ್ಧ ಡಯಾಪ್ಟರ್ ಆಸುಪಾಸು, ಕೆಲವರಲ್ಲಿ ಒಂದನ್ನೂ ದಾಟುತ್ತದೆ. ಮೊದಲ ವಾರಗಳಲ್ಲಿ ಬಾವು ಇರುವುದರಿಂದ ಏರುಪೇರು ಹೆಚ್ಚು. ಬಾವು ಇಳಿದು, ಹೊಲಿಗೆ ಮಾಗಿ, ರೆಪ್ಪೆ ತನ್ನ ಜಾಗದಲ್ಲಿ ನೆಲೆ ನಿಲ್ಲಲು ಮೂರು ತಿಂಗಳು ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಆಪರೇಷನ್ ಆದ ಎರಡನೇ ವಾರಕ್ಕೇ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ಹೊಳೆಗೆ ಹಾಕಿದಂತೆ. ಹಿರಣ್ಯಕೇಶಿ ಹತ್ತಿರವೇ ಇದೆ, ಹಾಕುವವರು ನೇರವಾಗಿ ಹಾಕಬಹುದು!

ಇನ್ನು ಕೆಡಕಿನ ಕಡೆ. ಇಲ್ಲಿ ನಾನು ತುಸು ನಿಧಾನವಾಗಿ ಹೇಳುತ್ತೇನೆ.

ರೆಪ್ಪೆ ಎಷ್ಟು ಎತ್ತರಕ್ಕೆ ನಿಂತಿತು ಅಂತ ಎಲ್ಲರೂ ಕನ್ನಡಿಯಲ್ಲಿ ನೋಡುತ್ತಾರೆ. ಎಷ್ಟು ಮುಚ್ಚಿತು ಅಂತ ಯಾರೂ ನೋಡುವುದಿಲ್ಲ. ಮುಚ್ಚಿದಾಗಿನ ಕಣ್ಣನ್ನು ಕನ್ನಡಿಯಲ್ಲಿ ತಾವೇ ನೋಡಿಕೊಳ್ಳಲು ಬರುವುದೂ ಇಲ್ಲವಲ್ಲ! ಹೆಚ್ಚು ಬಿಗಿ ಮಾಡಿದರೆ, ಅಥವಾ ಚರ್ಮ ಹೆಚ್ಚು ತೆಗೆದರೆ, ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಕೂಡುವುದಿಲ್ಲ. ಎರಡು ಮಿಲಿಮೀಟರ್ ಸೀಳು ಉಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ತಲೆಯ ಮೇಲೆ ಫ್ಯಾನು ಇಡೀ ರಾತ್ರಿ ತಿರುಗುತ್ತದೆ. ಬೆಳಗಾಗುವಷ್ಟರಲ್ಲಿ ಕಾರ್ನಿಯಾದ ಕೆಳಭಾಗ ಒಣಗಿರುತ್ತದೆ. ಎದ್ದ ಕೂಡಲೇ ಮರಳು ಹಾಕಿದಂತೆ ಚುಚ್ಚುವುದು, ಕೆಂಪಾಗುವುದು, ನೋಟ ಮಂಜಾಗುವುದು. ವೈದ್ಯರು ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಒಣಗಿದ ಜಾಗವೆಲ್ಲ ಹಸಿರು ಚುಕ್ಕೆಗಳಾಗಿ ಹೊಳೆಯುತ್ತದೆ. ನಿರ್ಲಕ್ಷ್ಯ ಮಾಡಿದರೆ ಅಲ್ಲಿ ಹುಣ್ಣಾಗುತ್ತದೆ, ಹುಣ್ಣು ಮಾಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಆಗ ರೆಪ್ಪೆ ಸುಂದರ, ನೋಟ ಮಾತ್ರ ಇಲ್ಲ.

ನಿಸರ್ಗ ಒಂದು ರಕ್ಷಣೆ ಕೊಟ್ಟಿದೆ. ಕಣ್ಣು ಮುಚ್ಚುವಾಗ ಬಹಳಷ್ಟು ಜನರ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತದೆ, ಕಾರ್ನಿಯಾ ಮೇಲ್ರೆಪ್ಪೆಯ ಹಿಂದೆ ಅಡಗಿಕೊಳ್ಳುತ್ತದೆ. ಇದಕ್ಕೆ ಬೆಲ್ ಲಕ್ಷಣ ಅಂತ ಹೆಸರು. ಎಲ್ಲರಲ್ಲೂ ಇದು ಚೆನ್ನಾಗಿರುವುದಿಲ್ಲ. ಅದಕ್ಕೇ ಒಳ್ಳೆಯ ವೈದ್ಯರು ಆಪರೇಷನ್‌ಗೆ ಮೊದಲು ಕಣ್ಣು ಮುಚ್ಚಿಸಿ, ರೆಪ್ಪೆಯನ್ನು ಬೆರಳಿನಿಂದ ತುಸು ಬಿಡಿಸಿ ಗುಡ್ಡೆ ಎಲ್ಲಿ ಹೋಯಿತು ಅಂತ ನೋಡುತ್ತಾರೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಕಣ್ಣೀರನ್ನೂ ಅಳೆಯುತ್ತಾರೆ: ಕೆಳರೆಪ್ಪೆಯ ಒಳಗೆ ಸಣ್ಣ ಹೀರುಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುವುದು. 5 ಮಿಲಿಮೀಟರ್‌ಗಿಂತ ಕಡಿಮೆ ಒದ್ದೆಯಾದರೆ ಕಣ್ಣು ತುಂಬ ಒಣಗಿದೆ ಅಂತ. ಅಂಥ ಕಣ್ಣಿನಲ್ಲಿ ರೆಪ್ಪೆಯನ್ನು ಪೂರ್ತಿ ಎತ್ತುವ ಆಸೆ ಬಿಡಬೇಕು. ನನ್ನ ಕೇಳಿದರೆ, ಒಂದು ಮಿಲಿಮೀಟರ್ ಕಡಿಮೆ ಎತ್ತಿದ ರೆಪ್ಪೆ ಒಂದು ಮಿಲಿಮೀಟರ್ ಹೆಚ್ಚು ಎತ್ತಿದ ರೆಪ್ಪೆಗಿಂತ ಯಾವಾಗಲೂ ಮೇಲು.

ಮುಚ್ಚದ ರೆಪ್ಪೆ ಏನು ಮಾಡುತ್ತದೆ ಅನ್ನುವುದನ್ನು ವೈದ್ಯಲೋಕ ಚೆನ್ನಾಗಿ ಕಲಿತದ್ದು ಕುಷ್ಠರೋಗದವರಿಂದ. ನಮ್ಮಿಂದ ದೂರವಿಲ್ಲದ ಮಿರಜದಲ್ಲಿ ರಿಚರ್ಡ್‌ಸನ್ ಕುಷ್ಠರೋಗ ಆಸ್ಪತ್ರೆ ಇರುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆ ರೋಗದಲ್ಲಿ ಮುಖದ ನರ ಸೋತು ಕಣ್ಣು ಮುಚ್ಚುವುದಿಲ್ಲ. ಕೆಲವರಲ್ಲಿ ಕಾರ್ನಿಯಾದ ಸ್ಪರ್ಶಜ್ಞಾನವೂ ಹೋಗಿರುತ್ತದೆ, ಅಂದರೆ ಒಣಗಿದರೂ ಉರಿ ಗೊತ್ತಾಗುವುದಿಲ್ಲ, ಕಸ ಬಿದ್ದರೂ ಗೊತ್ತಾಗುವುದಿಲ್ಲ. ಅಂಥವರಿಗೆ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡುವುದು ಎತ್ತುವುದಕ್ಕಲ್ಲ, ಮುಚ್ಚುವುದಕ್ಕೆ. ಎರಡು ರೆಪ್ಪೆಗಳ ಅಂಚನ್ನು ಹೊರಮೂಲೆಯಲ್ಲಿ ಕೂಡಿಸಿ ಹೊಲಿಯುತ್ತಾರೆ. ಇಲ್ಲವೇ ಅಗಿಯುವಾಗ ಕಣತಲೆಯಲ್ಲಿ ಉಬ್ಬುವ ಟೆಂಪೊರಾಲಿಸ್ ಸ್ನಾಯುವಿನ ಒಂದು ಎಳೆಯನ್ನು ತಂದು ರೆಪ್ಪೆಗೆ ಜೋಡಿಸುತ್ತಾರೆ. ಆಮೇಲೆ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಅವರು ಊಟ ಮಾಡುವಾಗ ಒಂದೊಂದು ತುತ್ತಿಗೂ ಕಣ್ಣು ಪಿಳುಕಿಸುವುದನ್ನು ನೋಡಿದರೆ, ಎವೆ ಬಡಿಯುವುದರ ಬೆಲೆ ಅರ್ಥವಾಗುತ್ತದೆ.

ಕಾರ್ನಿಯಾವನ್ನು ಉಳಿಸಲೆಂದೇ ಮಾಡುವ ಇನ್ನೊಂದು ಚಿಕಿತ್ಸೆ, ಒಳಮುಖವಾಗಿ ಬೆಳೆದ ರೆಪ್ಪೆಗೂದಲಿನದು. ಪ್ರತಿ ಎವೆಗೂ ಆ ಕೂದಲು ಕಾರ್ನಿಯಾವನ್ನು ಗೀರುತ್ತದೆ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಪಕ್ಷ್ಮಕೋಪ ಅಂತ ಹೆಸರಿದೆ, ರೆಪ್ಪೆಯ ಚರ್ಮದಿಂದ ಜವೆಗೋದಿಯ ಕಾಳಿನ ಆಕಾರದ ತುಂಡು ತೆಗೆದು ಹೊಲಿಯುವ ವಿಧಾನವಿದೆ. ಟ್ರಕೋಮಾ ಎಂಬ ಸೋಂಕಿನಿಂದ ಹೀಗಾಗುತ್ತಿದ್ದದ್ದು ಉತ್ತರ ಭಾರತದಲ್ಲಿ ಹೆಚ್ಚು. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಆದರೆ ಒಳಗೂದಲು ವಯಸ್ಸಿನಿಂದಲೂ ಬರುತ್ತದೆ. ಮನೆಯಲ್ಲಿ ಚಿಮಟದಿಂದ ಕಿತ್ತು ಕಿತ್ತು ದಿನ ದೂಡುವ ಅಜ್ಜಿಯರು ಎಷ್ಟು ಊರಿನಲ್ಲಿಲ್ಲ! ಕಿತ್ತ ಕೂದಲು ವಾರಗಳಲ್ಲಿ ಮತ್ತೆ ಮೊಳೆಯುತ್ತದೆ, ಮೊಂಡಾಗಿ, ಇನ್ನಷ್ಟು ಚುಚ್ಚುವಂತೆ.

ಈಗ ನಮ್ಮ ಮಹಾಗಾಂವದ ಹಿರಿಯರ ಹತ್ತಿರ ವಾಪಸು ಹೋಗೋಣ. ಮೋತಿಬಿಂದು ಮೊದಲೋ, ರೆಪ್ಪೆ ಮೊದಲೋ?

ಮೋತಿಬಿಂದು ತೆಗೆದ ಮೇಲೆ ಒಳಗೆ ಕೂರಿಸುವ ಲೆನ್ಸಿನ ನಂಬರ್ ಲೆಕ್ಕ ಹಾಕಬೇಕಾದರೆ ಎರಡು ಅಳತೆ ಮುಖ್ಯ: ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು. ಬಾಗಿನ ಅಳತೆಯಲ್ಲಿ ಒಂದು ಡಯಾಪ್ಟರ್ ತಪ್ಪಿದರೆ ಕೊನೆಗೆ ಕನ್ನಡಕದಲ್ಲಿ ಹತ್ತಿರ ಹತ್ತಿರ ಒಂದು ಡಯಾಪ್ಟರ್ ಉಳಿಯುತ್ತದೆ. ಜೋತ ರೆಪ್ಪೆ ಒತ್ತಿಹಿಡಿದಾಗ ಅಳೆದ ಬಾಗು ಒಂದು. ನಾಳೆ ರೆಪ್ಪೆ ಎತ್ತಿದ ಮೇಲೆ ಅದೇ ಕಾರ್ನಿಯಾದ ಬಾಗು ಇನ್ನೊಂದು. ಲೆನ್ಸ್ ಆಗಲೇ ಒಳಗೆ ಕೂತಿದೆ, ಅಂಗಿಯಂತೆ ಬದಲಿಸಲು ಬರುವುದಿಲ್ಲ. ಸಿಲಿಂಡರ್ ನಂಬರನ್ನೂ ಸರಿಮಾಡುವ ಟೋರಿಕ್ ಲೆನ್ಸ್ ಹಾಕಿಸಿದ್ದರಂತೂ ಲೆಕ್ಕ ಇನ್ನೂ ನಾಜೂಕು. ಅದರ ಆಕ್ಸಿಸ್ ಕಾರ್ನಿಯಾದ ಆಕ್ಸಿಸ್‌ಗೆ ಕೂಡಬೇಕು. 30 ಡಿಗ್ರಿ ಆಚೀಚೆಯಾದರೆ ಕೊಟ್ಟ ಹೆಚ್ಚಿನ ದುಡ್ಡಿನ ಲಾಭವೆಲ್ಲ ಹೋಯಿತು.

ಅಳೆಯುವಾಗ ಇನ್ನೊಂದು ಎಡವಟ್ಟಿದೆ. ರೆಪ್ಪೆ ಅಡ್ಡ ಬರುತ್ತದೆ ಅಂತ ಸಹಾಯಕರು ಬೆರಳಿನಿಂದ ಎತ್ತಿ ಹಿಡಿಯುತ್ತಾರೆ. ಬೆರಳು ಹುಬ್ಬಿನ ಎಲುಬಿನ ಮೇಲೆ ಇದ್ದರೆ ಸರಿ. ಗುಡ್ಡೆಯ ಮೇಲೆ ಒತ್ತಿದರೆ, ಅಳೆದದ್ದು ಕಾರ್ನಿಯಾವನ್ನಲ್ಲ, ಬೆರಳನ್ನು.

ಆದ್ದರಿಂದ ರೆಪ್ಪೆ ಪಾಪೆಯ ಹತ್ತಿರದವರೆಗೆ ಇಳಿದಿದ್ದರೆ, ಅದರಲ್ಲೂ ಟೋರಿಕ್ ಲೆನ್ಸಿನ ಇರಾದೆ ಇದ್ದರೆ, ರೆಪ್ಪೆ ಮೊದಲು, ಮೂರು ತಿಂಗಳು ಕಾಯುವುದು, ಆಮೇಲೆ ಹೊಸದಾಗಿ ಅಳೆದು ಮೋತಿಬಿಂದು ಎಂಬುದು ನನ್ನ ಮತ. ಇದಕ್ಕೆ ಎದುರು ವಾದವೂ ಇದೆ, ಅದು ಗಟ್ಟಿ ವಾದವೇ. ಮೋತಿಬಿಂದು ತೆಗೆಯುವಾಗ ಕಣ್ಣು ತೆರೆದಿಡಲು ಹಾಕುವ ಸ್ಪೆಕ್ಯುಲಂ ಎಂಬ ಕ್ಲಿಪ್ಪು ರೆಪ್ಪೆಯನ್ನು ಹಿಗ್ಗಿಸುತ್ತದೆ. ಎತ್ತಿ ಹೊಲಿದ ರೆಪ್ಪೆ ಅದರಿಂದ ಮತ್ತೆ ಇಳಿಯಬಹುದು. ಹಾಗಾಗಿ ಕೆಲವು ಸರ್ಜನ್ನರು ಮೋತಿಬಿಂದುವೇ ಮೊದಲಾಗಲಿ ಅನ್ನುತ್ತಾರೆ. ಮೋತಿಬಿಂದು ಪೂರ್ತಿ ಬಲಿತು ಕಣ್ಣಿನ ಒತ್ತಡ ಏರುತ್ತಿದ್ದರೆ ಚರ್ಚೆಯೇ ಬೇಡ, ಅದೇ ಮೊದಲು. ಬರೀ ಚರ್ಮ ತುಸು ಜೋತಿದ್ದರೂ ರೆಪ್ಪೆಗಾಗಿ ಕಾಯಬೇಕಿಲ್ಲ. ಆ ಮಗ ಕೇಳಬೇಕಾದ ಪ್ರಶ್ನೆ ಇದು: "ಸಾಹೇಬ್ರ, ನಮ್ಮಪ್ಪನ ರೆಪ್ಪಿ ಎತ್ತೂದು ಮುಂದ ಐತೇನು? ಇದ್ರ ಲೆನ್ಸಿನ ಅಳತಿ ಯಾವಾಗ ತಗೋತೀರಿ?" ಇಷ್ಟು ಕೇಳಿದರೆ ಸಾಕು, ವೈದ್ಯರು ಕೂತು ಯೋಚಿಸುತ್ತಾರೆ.

ಮಕ್ಕಳ ವಿಷಯ ಬೇರೆ. ಹುಟ್ಟಿನಿಂದಲೇ ಒಂದು ರೆಪ್ಪೆ ಜೋತಿದ್ದರೆ "ದೊಡ್ಡಾಂವ ಆದ ಮ್ಯಾಲ ಮಾಡಿಸೋಣು" ಅಂತ ಬಿಡುತ್ತಾರೆ. ನೋಟ ಕಲಿಯುವುದು ಮಿದುಳು, ಅದರ ಶಾಲೆ ಏಳೆಂಟು ವರ್ಷದೊಳಗೇ ಬಹುಮಟ್ಟಿಗೆ ಮುಗಿಯುತ್ತದೆ. ಪಾಪೆ ಮುಚ್ಚಿದ್ದರೆ ಬೇಗ ಎತ್ತಿಸಬೇಕು. ಪಾಪೆ ಮುಚ್ಚದಿದ್ದರೂ ಆ ಕಣ್ಣಿನಲ್ಲಿ ಸಿಲಿಂಡರ್ ನಂಬರ್ ಇದ್ದು ಮಿದುಳು ಅದನ್ನು ಕಡೆಗಣಿಸಬಹುದು, ಆಮೇಲೆ ಯಾವ ಕನ್ನಡಕದಿಂದಲೂ ಪೂರ್ತಿ ಕಾಣುವುದಿಲ್ಲ. ರೆಪ್ಪೆ ಎತ್ತಿಸಿದರೆ ಕೆಲಸ ಮುಗಿಯಿತು ಅಂತ ತಾಯಿ ತಂದೆ ತಿಳಿಯುತ್ತಾರೆ. ಇಲ್ಲ. ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋತ ಕಣ್ಣಿನಿಂದ ನೋಡಿಸುವುದು, ಆಮೇಲೂ ನಡೆಯಬೇಕು. ಸ್ನಾಯುವಿಗೆ ಬಲವೇ ಇಲ್ಲದ ಮಕ್ಕಳಲ್ಲಿ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಸಿಲಿಕೋನ್ ದಾರದಿಂದಲೋ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ತೂಗುಹಾಕುತ್ತಾರೆ. ಆ ಮಕ್ಕಳು ಕಣ್ಣು ತುಸು ತೆರೆದೇ ಮಲಗುತ್ತಾರೆ. ರಾತ್ರಿ ಮುಲಾಮು ಹಚ್ಚುವುದನ್ನು ವೈದ್ಯರು ಹೇಳುವವರೆಗೆ ಬಿಡಬಾರದು.

ಈಗ ಪ್ರಶ್ನೆಗಳು.

ಇಚಲಕರಂಜಿಯಿಂದ ಒಬ್ಬರು: "ನಾನು ಪವರ್‌ಲೂಮಿನ್ಯಾಗ ಕೆಲಸ ಮಾಡ್ತೀನ್ರಿ. ರೆಪ್ಪಿ ಆಪರೇಷನ್ ಆದ ಮ್ಯಾಲ ಎಷ್ಟ ದಿನಕ್ಕ ಮಗ್ಗಕ್ಕ ಹೋಗಬಹುದು?"

ಹೊಲಿಗೆ ಒಂದು ವಾರ, ಹತ್ತು ದಿನದಲ್ಲಿ ತೆಗೆದಿರುತ್ತಾರೆ. ಆದರೆ ನಿಮ್ಮ ಕೆಲಸದಲ್ಲಿ ಎರಡು ತೊಂದರೆ ಇವೆ. ಹತ್ತಿಯ ಧೂಳು ಒಂದು. ಎಳೆ ಹರಿಯಿತೇ ಅಂತ ನೆಟ್ಟ ಕಣ್ಣಿನಿಂದ ನೋಡುವಾಗ ಎವೆ ಬಡಿಯುವುದೇ ಕಡಿಮೆಯಾಗುತ್ತದೆ, ಅದು ಇನ್ನೊಂದು. ಆಪರೇಷನ್ ಆದ ಕೆಲವು ವಾರ ಎವೆ ಅರ್ಧಕ್ಕೇ ನಿಲ್ಲುವುದುಂಟು, ಕಾರ್ನಿಯಾದ ಕೆಳಗಿನ ಪಟ್ಟಿಗೆ ನೀರು ಮುಟ್ಟುವುದಿಲ್ಲ. ಸಾಧ್ಯವಾದರೆ ಮೂರ್ನಾಲ್ಕು ವಾರ ಬಿಡುವು ತಗೊಳ್ರಿ. ಹೋಗಲೇಬೇಕಾದರೆ ಪಕ್ಕ ಮುಚ್ಚಿದ ಕನ್ನಡಕ ಹಾಕ್ರಿ, ವೈದ್ಯರು ಬರೆದ ಕಣ್ಣೀರಿನ ಹನಿ ಜೇಬಿನಲ್ಲಿರಲಿ, ನೆನಪಿಟ್ಟು ಪೂರ್ತಿ ಕಣ್ಣು ಮುಚ್ಚಿ ತೆಗೀರಿ.

ಗಡಹಿಂಗ್ಲಜದಿಂದ ಒಬ್ಬ ತಾಯಿ: "ಮಗಳು ಲೇಸರ್ ಮಾಡಿಸಿ ಚಷ್ಮಾ ತಗಸ್ಯಾಳ್ರಿ. ಈಗ ರೆಪ್ಪಿ ಚಂದ ಮಾಡಿಸ್ಕೋತೀನಿ ಅಂತಾಳ."

ಲೇಸರ್‌ನಲ್ಲಿ ಕಾರ್ನಿಯಾದ ನರಗಳು ಕತ್ತರಿಸಿರುತ್ತವೆ, ಕಣ್ಣು ತಿಂಗಳುಗಟ್ಟಲೆ ಒಣಗಿರುತ್ತದೆ. ಅದರ ಮೇಲೆ ರೆಪ್ಪೆಯ ಆಪರೇಷನ್ ಅಂದರೆ ಒಣಗಿದ ಹೊಲಕ್ಕೆ ನೀರಿನ ಕಾಲುವೆಯನ್ನೂ ಕಟ್ಟಿದಂತೆ. ಆರು ತಿಂಗಳಾದರೂ ಬಿಡುವು ಇರಲಿ, ಆಮೇಲೆ ಕಣ್ಣೀರು ಅಳೆಸಿ. ಚಂದಕ್ಕೆ ಮಾಡಿಸುವ ಆಪರೇಷನ್‌ಗೆ ಅವಸರ ಯಾಕ್ರಿ ಅಕ್ಕಾ?

ಸಂಕೇಶ್ವರದಿಂದ: "ಒಬ್ಬರಿಗೆ ಸಂಜಿಮುಂದ ಅಷ್ಟ ರೆಪ್ಪಿ ಬೀಳತಾವ, ಮುಂಜಾನೆ ಚಲೋ ಇರತಾವ. ಅದಕ್ಕೂ ಆಪರೇಷನ್ನೇನು?"

ಒಳ್ಳೆಯ ಪ್ರಶ್ನೆ. ದಣಿದಂತೆ ಬೀಳುವ ರೆಪ್ಪೆ ಮಯಾಸ್ತೇನಿಯಾ ಎಂಬ ರೋಗದ ಗುರುತಿರಬಹುದು, ಅದಕ್ಕೆ ಮೊದಲು ಔಷಧ. ಇದ್ದಕ್ಕಿದ್ದಂತೆ ಒಂದು ರೆಪ್ಪೆ ಬಿದ್ದು ಎರಡೆರಡು ಕಂಡರೆ, ಪಾಪೆ ದೊಡ್ಡದಾದರೆ, ತಲೆನೋವಿದ್ದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಬ್ಬಿನ ಸೀಮೆಯವರಿಗೆ ಇನ್ನೊಂದು ಮಾತು: ನೆಲದ ಮೇಲೆ ಮಲಗಿದವರು ಬೆಳಗ್ಗೆ ಏಳುವಾಗ ಎರಡೂ ರೆಪ್ಪೆ ಎತ್ತಲಾಗದೆ, ನುಂಗಲು ಕಷ್ಟಪಡುತ್ತಿದ್ದರೆ ಅದು ಕಟ್ಟುಹಾವು ಕಚ್ಚಿದ್ದಿರಬಹುದು, ನಿಮ್ಮ ಕಡೆ ಮಣ್ಯಾರ ಅಂತಾರಲ್ಲ, ಅದು. ಅದರ ಹಲ್ಲಿನ ಗುರುತು ಕಾಣದೇ ಇರಬಹುದು. ಕಣ್ಣಿನ ಡಾಕ್ಟರ ಹತ್ತಿರ ಬರಬೇಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಓಡಿ.

ಕೊನೆಯದು, ಮಹಾಗಾಂವದಿಂದಲೇ: "ಆಪರೇಷನ್ ಆದ ಮ್ಯಾಲ ಮನ್ಯಾಗ ನಾವು ಏನು ನೋಡಬೇಕ್ರಿ?"

ಮೊದಲ ದಿನ, ಎರಡು ದಿನ: ಕಣ್ಣು ಮುಂದೆ ಉಬ್ಬಿ ಬಂದು, ತಡೆಯಲಾಗದ ನೋವಾಗಿ, ನೋಟ ಕತ್ತಲಾಗುತ್ತಿದ್ದರೆ ಒಳಗೆ ರಕ್ತ ಕಟ್ಟಿದೆ ಅಂತ. ಬಹಳ ಅಪರೂಪ, ಆದರೆ ಮುಂಜಾನೆವರೆಗೆ ಕಾಯುವಂಥದ್ದಲ್ಲ, ರಾತ್ರಿಯಾದರೂ ಫೋನ್ ಮಾಡಿ ಹೊರಡಿ. ಆಮೇಲಿನ ವಾರಗಳಲ್ಲಿ ಒಂದೇ ಕೆಲಸ. ಅವರು ಗಾಢ ನಿದ್ದೆಯಲ್ಲಿದ್ದಾಗ ಹತ್ತಿರ ಹೋಗಿ, ಮಂದ ಬೆಳಕಿನಲ್ಲಿ, ರೆಪ್ಪೆಗಳ ನಡುವೆ ಬಿಳಿ ಕಾಣುತ್ತದೆಯೇ ನೋಡಿ. ಕಂಡರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಫ್ಲ್ಯಾಷ್ ಹಾಕಬೇಡಿ, ಎಚ್ಚರಾದರೆ ಬೈಸಿಕೊಳ್ಳುವವರು ನೀವೇ.